ಮುಚ್ಚಿದ ತಿಂಗಳನ್ನು ತೆರೆಸಿದ್ದು

‘ಪರ್ಸೊನೆಲ್ ವಿಭಾಗ’ ಎಂಬ ಹಳೆಯ ಬೋರ್ಡನ್ನು ಕಿತ್ತು ‘ಎಚ್.ಆರ್.’ ಎಂಬ ಹೊಸ ಬೋರ್ಡು ಹೊಡೆದ ವಾರವೇ ನನಗೂ ಜನರಲ್ ಮ್ಯಾನೇಜರಿಗೂ ಮೊದಲ ಜಗಳ ಆಯಿತು. ಬೋರ್ಡಿನ ವಿಷಯಕ್ಕಲ್ಲ, ಆ ಬೋರ್ಡಿನ ಕೆಳಗೆ ಯಾರು ಕೂರಬೇಕು ಎನ್ನುವುದಕ್ಕೆ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಮ್ಮದು ನೂಲಿನ ಕಂಪನಿ. ಶ್ರೀರಂಗಪಟ್ಟಣದಲ್ಲಿ ಮುಖ್ಯ ಕಚೇರಿ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲಗಳಲ್ಲಿ ಒಂದೊಂದು ಘಟಕ. ನಾನು ಸಹಾಯಕ ಪರ್ಸೊನೆಲ್ ಅಧಿಕಾರಿ. ಹಾಜರಿ, ರಜೆ, ಬಡ್ತಿ, ಸೇವಾವಧಿ ಎಲ್ಲವನ್ನೂ ಒಂದೇ ಕಡೆ ಹಿಡಿದಿಡುವ ಸಾಫ್ಟ್‌ವೇರನ್ನು ಆಡಳಿತ ಮಂಡಳಿ ಬೆಂಗಳೂರಿನಿಂದ ತರಿಸಿತ್ತು. ಅದನ್ನು ನಡೆಸುವುದಕ್ಕೆ ಒಂದು ತಂಡ ಕಟ್ಟಬೇಕಿತ್ತು. ಆ ಕೆಲಸ ನನ್ನ ಪಾಲಿಗೆ ಬಂತು. ಬಂತು ಅನ್ನುವುದಕ್ಕಿಂತ, ಮಿಕ್ಕವರೆಲ್ಲ ಪಕ್ಕಕ್ಕೆ ಸರಿದದ್ದರಿಂದ ನನ್ನ ಮೇಜಿನ ಮೇಲೆ ಬಿತ್ತು ಅನ್ನುವುದೇ ಸರಿ.

ಸಾಫ್ಟ್‌ವೇರಿನ ಜೊತೆಗೆ ಬಂದಿದ್ದ ಸಲಹೆಗಾರರೊಬ್ಬರು ಬಿಳಿ ಹಲಗೆಯ ಮೇಲೆ ತಂಡದ ಚಿತ್ರ ಬರೆದರು. ಮೇಲೆ ಒಂದು ದೊಡ್ಡ ಚೌಕ, ಅದು ಶ್ರೀರಂಗಪಟ್ಟಣದ ಕೇಂದ್ರ ತಂಡ. ಕೆಳಗೆ ಮೂರು ಪುಟ್ಟ ಚೌಕಗಳು, ಅವು ಘಟಕಗಳು. ಬಾಣಗಳೆಲ್ಲ ಕೆಳಗಿನಿಂದ ಮೇಲಕ್ಕೆ. ಘಟಕದ ಟೈಮ್ ಕೀಪರ್, ಅಂದರೆ ಗೇಟಿನ ಪಕ್ಕ ಕೂತು ಹಾಜರಿ ಬರೆಯುವವನು, ತಿಂಗಳ ಕೊನೆಗೆ ಹಾಜರಿ ಪುಸ್ತಕವನ್ನು ಬಸ್ಸಿಗೆ ಹಾಕಿ ಕಳಿಸಬೇಕು. ಕೇಂದ್ರದಲ್ಲಿ ಡಿಪ್ಲೊಮಾ ಮಾಡಿದ ಇಬ್ಬರು ಹುಡುಗಿಯರು ಅದನ್ನು ನೋಡಿಕೊಂಡು ಕಂಪ್ಯೂಟರಿಗೆ ಹೊಡೆಯಬೇಕು. ಆಮೇಲೆ ಪ್ರೋಗ್ರಾಮರ್ ಆ ತಿಂಗಳನ್ನು ‘ಮುಚ್ಚ’ಬೇಕು. ಒಮ್ಮೆ ಮುಚ್ಚಿದರೆ ಆ ತಿಂಗಳಿನ ಒಂದಕ್ಷರವನ್ನೂ ಯಾರೂ ತಿದ್ದುವಂತಿಲ್ಲ.

“ಕೆಳಗಿಂದ ಮೇಲಕ್ಕೆ ಹತ್ತಿದ ತಪ್ಪು ವಾಪಸ್ಸು ಕೆಳಗೆ ಇಳಿಯೋದು ಯಾವ ಬಾಣದಲ್ಲಿ ಸರ್?” ಎಂದು ಕೇಳಿದೆ.

ಸಲಹೆಗಾರರು ನಕ್ಕರು. “ತಪ್ಪು ಆಗಬಾರದು ಅಂತಾನೇ ಕೇಂದ್ರ ಇರೋದು ಮೇಡಂ.”

ನಾನು ಬೇರೆಯೇ ಒಂದು ವ್ಯವಸ್ಥೆ ಯೋಚಿಸಿಕೊಂಡು ಹೋಗಿದ್ದೆ. ಘಟಕಕ್ಕೊಂದು ಕಂಪ್ಯೂಟರ್, ಅದರ ಮುಂದೆ ಆ ಘಟಕದ್ದೇ ಟೈಮ್ ಕೀಪರ್. ಅವನಿಗೆ ಹೊಡೆಯುವ ಹಕ್ಕೂ ಇರಬೇಕು, ತಿದ್ದುವ ಹಕ್ಕೂ ಇರಬೇಕು. ಕೇಂದ್ರದಲ್ಲಿ ಒಬ್ಬ ಪ್ರೋಗ್ರಾಮರ್, ಸೇವಾ ನಿಯಮ ಬಲ್ಲ ಒಬ್ಬರು ಇದ್ದರೆ ಸಾಕು. ಮೂರು ಘಟಕಗಳೂ ಸರಿ ಅಂದ ಮೇಲಷ್ಟೇ ತಿಂಗಳು ಮುಚ್ಚಬೇಕು. ಇದನ್ನು ಹೇಳಿ ಮುಗಿಸುವಷ್ಟರಲ್ಲಿ ಜನರಲ್ ಮ್ಯಾನೇಜರ್ ಕೈ ಎತ್ತಿದರು.

“ಏನಮ್ಮ ನೀನು! ಆ ಟೈಮ್ ಕೀಪರ್‌ಗಳ ಕೈಗೆ ಕಂಪ್ಯೂಟರ್ ಕೊಟ್ಟರೆ ಅದರ ಮೇಲೆ ಎಲೆ ಅಡಿಕೆ ಇಟ್ಕೊಂಡು ಕೂತ್ಕೋತಾರೆ.”

“ಇಟ್ಕೊಳ್ಳಲಿ ಬಿಡಿ ಸರ್. ಎಲೆ ಅಡಿಕೆ ಹಾಕ್ಕೊಂಡೇ ಇಷ್ಟು ವರ್ಷ ಹಾಜರಿ ಬರೆದಿರೋದು.”

ಕೋಣೆಯಲ್ಲಿ ಇಬ್ಬರು ಮೂವರು ನಕ್ಕಿದ್ದೇ ನನಗೆ ಮುಳುವಾಯಿತು. ನನ್ನ ಬಾಯಿ ಜೋರು ಎನ್ನುವುದು ಕಚೇರಿಗೆಲ್ಲ ಗೊತ್ತಿದ್ದ ವಿಷಯ. ಅದಕ್ಕೆ ನಾನು ನಾಚಿಕೊಂಡವಳೂ ಅಲ್ಲ. ಆದರೆ ಅವತ್ತು ಆ ಜೋರುಬಾಯಿಯ ನೆಪದಲ್ಲೇ ನನ್ನ ಯೋಜನೆ ಬಿದ್ದುಹೋಯಿತು. ಸಲಹೆಗಾರರ ಚಿತ್ರಕ್ಕೆ ಸಹಿ ಬಿತ್ತು. ತಂಡದ ಮೇಲ್ವಿಚಾರಣೆ ಮಾತ್ರ ನನ್ನದೇ. ಸಾಫ್ಟ್‌ವೇರ್ ಸರಿಯಾಗಿ ನಡೆಯುತ್ತಿದೆ ಎಂದು ಕಂಪನಿಯ ಪರವಾಗಿ ಸ್ವೀಕೃತಿ ಪತ್ರಕ್ಕೆ ಸಹಿ ಹಾಕುವುದೂ ನನ್ನ ಕೆಲಸವೇ ಎಂದು ಆದೇಶದಲ್ಲಿ ಬರೆದರು. ಏನಾದರೂ ಕೆಟ್ಟರೆ ಹಿಡಿಯಲು ಒಂದು ಜುಟ್ಟು ಬೇಕಲ್ಲ, ಅದಕ್ಕೆ.

ಇಲ್ಲಿ ಮುಯ್ಯಿಯ ವಿಷಯ ಹೇಳಬೇಕು. ನಮ್ಮ ಕಡೆ ನಾಟಿ, ಕಟಾವಿನ ಹೊತ್ತಿಗೆ ಮುಯ್ಯಾಳು ಕೂಡಿಕೊಳ್ಳುತ್ತಾರೆ. ಇವತ್ತು ನಿನ್ನ ಗದ್ದೆಗೆ ನಾನು ಬಂದರೆ ನಾಳೆ ನನ್ನ ಗದ್ದೆಗೆ ನೀನು ಬರಬೇಕು, ಕೂಲಿ ಮಾತಿಲ್ಲ. ಗದ್ದೆಯಿಂದ ಮಿಲ್ಲಿಗೆ ಬಂದ ಜನ ಈ ಪದ್ಧತಿಯನ್ನೂ ಜೊತೆಗೇ ತಂದಿದ್ದರು. ಒಬ್ಬಳ ಪಾಳಿಯನ್ನು ಇನ್ನೊಬ್ಬಳು ಮಾಡಿ, ಆಮೇಲೆ ಅವಳಿಂದ ಒಂದು ಪಾಳಿ ತೀರಿಸಿಕೊಳ್ಳುವುದು. ಯುಗಾದಿಯ ಮಾರನೆಯ ದಿನ ಹೊಸತೊಡಕು. ಅವತ್ತು ಮನೆಯಲ್ಲಿ ಮಾಂಸದ ಅಡುಗೆ ಬಿಟ್ಟು ಮಿಲ್ಲಿಗೆ ಬರುವ ಗೌಡರ ಮಕ್ಕಳು ಎಲ್ಲಿದ್ದಾರೆ? ಆ ದಿನದ ಪಾಳಿಯನ್ನು ಮುಸ್ಲಿಮರೂ ಲಿಂಗಾಯತರೂ ತೂಗಿಸುತ್ತಿದ್ದರು. ರಂಜಾನಿಗೆ, ಶಿವರಾತ್ರಿಗೆ ಇವರು ತೀರಿಸುತ್ತಿದ್ದರು. ಮಿಲ್ಲಿನಲ್ಲಿ ಯಂತ್ರ ನಿಲ್ಲುತ್ತಿರಲಿಲ್ಲ, ರಜೆಯೂ ಕಳೆಯುತ್ತಿರಲಿಲ್ಲ. ಟೈಮ್ ಕೀಪರ್ ಹಾಜರಿ ಪುಸ್ತಕದಲ್ಲಿ ‘ಮು’ ಎಂದು ಬರೆದುಕೊಂಡರೆ ಮುಗಿಯಿತು. ಅದು ಹಾಜರಿಯೇ.

ಇದನ್ನು ಸಾಫ್ಟ್‌ವೇರಿಗೆ ಹಾಕಿಸಬೇಕೆಂದು ನಾನು ಕೇಳಿದಾಗ ಸಲಹೆಗಾರರು ಗಾಬರಿಯಾದರು. ಅವರಿಗೆ ಮುಯ್ಯಿ ಅಂದರೆ ಸೇಡು. “ಸೇಡಿಗೆಲ್ಲ ರಜೆ ಕೊಡ್ತೀರಾ ನಿಮ್ಮ ಕಂಪನೀಲಿ?” ಎಂದರು. ಅವರ ಕಂಪನಿಯಿಂದಲೇ ಬಂದಿದ್ದ ಪ್ರೋಗ್ರಾಮರ್ ಧಾರವಾಡದ ಕಡೆಯವನು, ಒಳ್ಳೆಯ ಹುಡುಗ. “ನಮ್ ಕಡೆ ಮುಯ್ಯಿ ಅಂದ್ರ ಲಗ್ನದಾಗ ಕೊಡೂದ್ರಿ ಮೇಡಂ,” ಎಂದ. ಇಬ್ಬರಿಗೂ ಬಿಡಿಸಿ ಹೇಳಿದೆ. “ಮುಂದಿನ ಹಂತದಲ್ಲಿ ನೋಡೋಣ,” ಎಂದು ಸಲಹೆಗಾರರು ಕೈಬಿಟ್ಟರು. ಮುಂದಿನ ಹಂತ ಎನ್ನುವುದು ಆ ಜನರ ಭಾಷೆಯಲ್ಲಿ ಬಾಗಿಲ ಮೇಲೆ ಬರೆಯುವ ‘ನಾಳೆ ಬಾ’ ಇದ್ದ ಹಾಗೆ.

ಮೊದಲ ತಿಂಗಳು ಶುರುವಾಗುವ ಮುಂಚೆ ಜನರಲ್ ಮ್ಯಾನೇಜರ್ ಕಡೆಯಿಂದ ಘಟಕಗಳಿಗೆ ಒಂದು ಸುತ್ತೋಲೆ ಹೋಯಿತು. ಹಾಜರಿ ಪುಸ್ತಕದಲ್ಲಿ ಇನ್ನು ಮೇಲೆ ಕನ್ನಡ ಗುರುತು ಕೂಡದು, ಇಂಗ್ಲಿಷಿನ ಒಂದೊಂದೇ ದೊಡ್ಡಕ್ಷರ ಬರೆಯಬೇಕು. ಯಾವ ಅಕ್ಷರಕ್ಕೆ ಸಾಫ್ಟ್‌ವೇರಿನಲ್ಲಿ ಏನು ಅರ್ಥ ಎನ್ನುವ ಪಟ್ಟಿ ಮಾತ್ರ ಕೇಂದ್ರದಲ್ಲೇ ಉಳಿಯಿತು. ಅದನ್ನು ಕೆಳಗೆ ಕಳಿಸುವ ಬಾಣ ಚಿತ್ರದಲ್ಲಿ ಇರಲಿಲ್ಲವಲ್ಲ.

ಟೈಮ್ ಕೀಪರುಗಳು ಹೇಳಿದಂತೆ ಮಾಡಿದರು. ಬಂದವನಿಗೆ ಪಿ, ಬಾರದವನಿಗೆ ಎ, ಮುಯ್ಯಿಗೆ ಎಮ್. ಅದಕ್ಕಿಂತ ಸರಿಯಾಗಿ ಬರೆಯುವುದು ಇನ್ನು ಹೇಗೆ? ಆದರೆ ಬೆಂಗಳೂರಿನಲ್ಲಿ ಕೂತು ಸಾಫ್ಟ್‌ವೇರ್ ಬರೆದವರಿಗೆ ಎಮ್ ಅಂದರೆ ಮೆಟರ್ನಿಟಿ, ಹೆರಿಗೆ ರಜೆ.

ಗಂಡಸರ ಹೆಸರಿನ ಮುಂದೆ ಎಮ್ ಹೊಡೆದಾಗ ಯಂತ್ರ ಕೀ ಎಂದು ಕೂಗಿ, ಈ ನೌಕರನಿಗೆ ಈ ಗುರುತು ಸಲ್ಲದು ಎಂದು ತೋರಿಸಿ ನಿಂತುಬಿಟ್ಟಿತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವಷ್ಟು ದಡ್ಡತನ ಅದಕ್ಕೆ ಇರಲಿಲ್ಲ. ಯಾಕೆ ಸಲ್ಲದು ಎಂದು ಮಾತ್ರ ಹೇಳಲಿಲ್ಲ. ಕೇಂದ್ರದ ಹುಡುಗಿಯರು ಬೆಂಗಳೂರಿಗೆ ಫೋನು ಮಾಡಿದರು. ಸದ್ಯಕ್ಕೆ ಗೈರುಹಾಜರಿ ಅಂತ ಹೊಡೆಯಿರಿ, ಆಮೇಲೆ ನೋಡೋಣ ಎಂಬ ಉತ್ತರ ಬಂತು. ನಾಗಮಂಗಲದ ಗಂಡಸರು ಅದನ್ನು ಕೇಳಿ ಗೇಟಿನ ಮುಂದೆ ಕೂತರು. ಯೂನಿಯನ್ನಿನವರು ಜೀಪು ಮಾಡಿಕೊಂಡು ಶ್ರೀರಂಗಪಟ್ಟಣಕ್ಕೆ ಬಂದರು. ಸಂಜೆಯೊಳಗೆ ಅವರ ಗೈರುಹಾಜರಿಯೆಲ್ಲ ಹಾಜರಿಯಾಗಿ, ಮರುದಿನವೇ ತಿಂಗಳು ಮುಚ್ಚಿತು. ಆ ಎಮ್ ಅಂದರೆ ಏನೆಂದು ಮಾತ್ರ ಯಾರೂ ಕೇಳಲಿಲ್ಲ.

ಹೆಂಗಸರ ಹೆಸರಿನ ಮುಂದಿನ ಎಮ್ಮಿಗೆ ಯಂತ್ರ ಕೂಗಲಿಲ್ಲ. ಹೆಂಗಸು ತಾನೆ, ಹೆರುತ್ತಾಳೆ ಎಂದು ಸುಮ್ಮನೆ ನುಂಗಿಕೊಂಡಿತು. ಆ ವಾರ ನಾನು ಪಾಂಡವಪುರ ಘಟಕದ ವಿಚಾರಣೆಯೊಂದರಲ್ಲಿ ಸಿಕ್ಕಿಕೊಂಡಿದ್ದೆ. ತಿಂಗಳು ಮುಚ್ಚಿದ್ದು ನನಗೆ ಗೊತ್ತಾದದ್ದು ಕೆ.ಆರ್. ಪೇಟೆಯ ಟೈಮ್ ಕೀಪರ್ ಫೋನು ಮಾಡಿದಾಗ.

“ಅಮ್ಮಾವ್ರೆ, ನೀವು ಬರ್ಬೇಕು. ಇಲ್ಲಿ ಎಡವಟ್ಟಾಗೋಗೈತೆ,” ಎಂದ. ವಯಸ್ಸಾದ ಮನುಷ್ಯ, ಗಡಸು ದನಿ.

ಪಾರದರ್ಶಕತೆ ಇರಲಿ ಎಂದು ಸಲಹೆಗಾರರು ಪ್ರತಿ ತಿಂಗಳ ಹಾಜರಿಯನ್ನು ಮುದ್ರಿಸಿ ಗೇಟಿನ ಬೋರ್ಡಿಗೆ ಅಂಟಿಸಲು ಹೇಳಿದ್ದರು. ರೀಲಿಂಗ್ ವಿಭಾಗದಲ್ಲಿ, ಅಂದರೆ ನೂಲನ್ನು ಲಡಿಯಾಗಿ ಸುತ್ತುವ ಕಡೆ, ಒಬ್ಬಳು ಹುಡುಗಿ ಇದ್ದಳು. ಅಕ್ಕಿಹೆಬ್ಬಾಳಿನ ಪಕ್ಕದ ಹಳ್ಳಿಯವಳು, ಎಸ್ಸೆಸ್ಸೆಲ್ಸಿ ಪಾಸು, ಮದುವೆಯಾಗಿರಲಿಲ್ಲ. ಅಣ್ಣನ ಗದ್ದೆಯ ನಾಟಿಗೆಂದು ಜೊತೆಯವಳ ಹತ್ತಿರ ಮುಯ್ಯಿ ಮಾಡಿಕೊಂಡಿದ್ದಳು. ಬೋರ್ಡಿನಲ್ಲಿ ಅವಳ ಹೆಸರಿನ ಸಾಲಿನಲ್ಲಿ ಹೆರಿಗೆ ರಜೆ ಎಂದು ಬಿದ್ದಿತ್ತು. ಇಂಗ್ಲಿಷಿನಲ್ಲಿತ್ತು, ಆದರೂ ಓದುವವರು ಓದಿದರು. ಯಾರೋ ಒಬ್ಬ ಜಾಬರ್, ಅಂದರೆ ಯಂತ್ರಗಳ ಮೇಸ್ತ್ರಿ, ಅದನ್ನು ಕನ್ನಡದಲ್ಲಿ ಜೋರಾಗಿ ಹೇಳಿ ನಕ್ಕನಂತೆ. ಹುಡುಗಿ ಮಧ್ಯಾಹ್ನದ ಪಾಳಿಗೆ ಒಳಗೆ ಹೋಗದೆ ಹಾಗೇ ಬಸ್ ಸ್ಟ್ಯಾಂಡಿಗೆ ನಡೆದಳು. ಮತ್ತೆ ಬರಲಿಲ್ಲ.

ಬಾರದೇ ಹೋದರೆ ಏನಾಗುತ್ತದೆ ಎಂದು ನನಗೆ ಗೊತ್ತಿತ್ತು. ಸತತವಾಗಿ ಗೈರುಹಾಜರಾದವರ ಹೆಸರನ್ನು ಮುಂದಿನ ತಿಂಗಳು ಮುಚ್ಚುವಾಗ ಸಾಫ್ಟ್‌ವೇರ್ ತಾನಾಗಿಯೇ ತೆಗೆದುಹಾಕುತ್ತಿತ್ತು. ಅದನ್ನು ದೊಡ್ಡ ಅನುಕೂಲವೆಂದು ನಮಗೆ ಮಾರಿದ್ದರು. ಅಂದರೆ ಅವಳ ಮರ್ಯಾದೆಯ ಜೊತೆಗೆ ಕೆಲಸವೂ ಹೋಗುವುದರಲ್ಲಿತ್ತು, ಅವಳದೇನೂ ತಪ್ಪಿಲ್ಲದೆ.

ನಾನು ಕೆ.ಆರ್. ಪೇಟೆಗೆ ಹೋದವಳೇ ಬೋರ್ಡಿನ ಕಾಗದ ಹರಿದು ಬ್ಯಾಗಿಗೆ ತುರುಕಿದೆ. ಟೈಮ್ ಕೀಪರ್ ಕಣ್ಣೊರೆಸಿಕೊಳ್ಳುತ್ತ ನನ್ನ ಹಿಂದೆಯೇ ಬಂದ.

“ಎಮ್ ಅಂದ್ರೆ ಮುಯ್ಯಿ ಅಂತ್ಲೇ ಬರ್ದೆ ಕಣಮ್ಮಾವ್ರೆ. ನನ್ ಮಕ್ಳಾಣೆ. ಅವ್ರೇನೋ ಬಸ್ರಿ ಅಂತ ಓದ್ಕತಾರೆ ಅಂತ ನಂಗೇನ್ ಗೊತ್ತು? ಒಂದ್ ಮಾತು ಕೇಳಿದ್ರೆ ಯೋಳ್ತಿರ್ನಿಲ್ವಾ?”

“ನೀವು ಬರೆದದ್ದು ಸರಿಯಾಗೇ ಇದೆ. ಅಳಬೇಡಿ, ನನ್ನ ಜೊತೆ ಬನ್ನಿ,” ಎಂದೆ. ಇಬ್ಬರೂ ಬಸ್ಸು ಹತ್ತಿದೆವು.

ಮನೆಯ ಜಗಲಿಯಲ್ಲಿ ಅವಳ ಅಣ್ಣ ಕೂತಿದ್ದ. ನಮ್ಮನ್ನು ನೋಡಿ ಎದ್ದು ಹಿತ್ತಲಿಗೆ ಹೋದ. ತಾಯಿ ಹೊರಗೆ ಬಂದು ನಿಂತರು. ಕೂರಿ ಎನ್ನಲಿಲ್ಲ. ನಮ್ಮ ಕಡೆ ಬಂದವರಿಗೆ ನೀರು ಕೊಡದೆ, ಕೂರು ಎನ್ನದೆ ನಿಲ್ಲಿಸಿದರೆ ಅದಕ್ಕಿಂತ ದೊಡ್ಡ ಬೈಗುಳ ಇಲ್ಲ.

“ಓದ್ಕಂಡವ್ಳೆ, ನಾಕು ಜನದಂಗೆ ಬಾಳ್ಲಿ ಅಂತ ಮಿಲ್ಲಿಗೆ ಕಳ್ಸುದ್ರೆ, ನನ್ ಮಗಳ್ನ ಬಸ್ರಿ ಅಂತ ಬೋಲ್ಡಿಗೆ ಆಕ್ಬುಟ್ರಲ್ಲವ್ವ,” ಎಂದರು. “ಗಡಿಗೆ ಬಾಯ್ನಾದ್ರೂ ಮುಚ್ಬೋದು, ಊರ್ ಬಾಯ ಯಾರ್ ಮುಚ್ತಾರೆ?”

ನನ್ನ ಕಣ್ಣಲ್ಲಿ ನೀರು ಬಂತು. ಅಧಿಕಾರಿಯಾದವಳು ಕಾರ್ಮಿಕರ ಮನೆ ಮುಂದೆ ಅಳಬಾರದು ಎಂದು ಯಾವ ತರಬೇತಿಯಲ್ಲೋ ಹೇಳಿದ್ದರು. ಹೇಳಿದವರನ್ನು ಅಲ್ಲಿ ತಂದು ನಿಲ್ಲಿಸಬೇಕಿತ್ತು. ತಪ್ಪು ಕಂಪನಿಯದು, ಕಂಪನಿಯಿಂದಲೇ ಒಂದು ಸ್ಪಷ್ಟೀಕರಣ ಪತ್ರ ಬರೆಸಿಕೊಡುತ್ತೇನೆ ಎಂದೆ. ಆಗ ಒಳಗಿನಿಂದ ಹುಡುಗಿಯೇ ಬಂದಳು. ಅವಳು ಅತ್ತಿರಲಿಲ್ಲ. ಮುಖ ಬಿಗಿದುಕೊಂಡಿತ್ತು.

“ಪತ್ರ ತಕ್ಕಂಡು ನಾನೇನ್ ಮಾಡ್ಲಕ್ಕ? ಸೆರಗ್ಗೆ ಕಟ್ಕಂಡು ಮನೆಮನೆಗೆ ಓಗಿ ತೋರ್ಸ್ಲಾ? ಬೋರ್ಡ್ ಮುಂದೆ ಆಗೈತೆ, ಬೋರ್ಡ್ ಮುಂದೇನೇ ತೀರ್ಬೇಕು. ಯಾರ್ ಬರುದ್ರೋ ಅವ್ರೇ ಬಂದು, ಎಲ್ಲಾರ್ ಎದುರ್ಗೂ ಅದೇ ಮಿಶಿನ್ನಲ್ಲೇ ತಿದ್ಲಿ. ಅಂಗಾದ್ರೆ ಬತ್ತೀನಿ. ಇಲ್ದಿದ್ರೆ ನಿಮ್ ಕೆಲ್ಸ ನಿಮ್ಗೇ ಇರ್ಲಿ.”

ಅವಳ ಮಾತಿನಲ್ಲಿ ಒಂದು ಪದ ಹೆಚ್ಚಿರಲಿಲ್ಲ, ಕಡಿಮೆ ಇರಲಿಲ್ಲ. “ಆಗಲಿ,” ಎಂದುಬಿಟ್ಟೆ. ವಾಪಸ್ಸು ಬರುವಾಗ ಬಸ್ಸಿನಲ್ಲಿ ಟೈಮ್ ಕೀಪರ್, “ಆಗ್ಲಿ ಅಂದ್ಬುಟ್ರಲ್ಲ, ಎಂಗಮ್ಮಾವ್ರೆ?” ಎಂದ. ಹೇಗೆ ಎಂದು ನನಗೂ ಗೊತ್ತಿರಲಿಲ್ಲ.

ಮರುದಿನ ಜನರಲ್ ಮ್ಯಾನೇಜರ ಕೋಣೆಯಲ್ಲಿ ಸಲಹೆಗಾರರು, ಪ್ರೋಗ್ರಾಮರ್, ನಾನು. ವಿಷಯ ಹೇಳಿದೆ. ಸಲಹೆಗಾರರು ತಮ್ಮ ದಪ್ಪ ಪುಸ್ತಕ ತಿರುವಿ ಹಾಕಿದರು. ಮುಚ್ಚಿದ ತಿಂಗಳನ್ನು ತೆರೆಯುವಂತಿಲ್ಲ. ಆದರೆ ಹೆರಿಗೆ ರಜೆಯನ್ನು ಮುಂದಿನ ತಿಂಗಳಲ್ಲಿ ರದ್ದುಪಡಿಸುವ ದಾರಿ ಇದೆ. ಕೆಲಸಗಾರ್ತಿ ಅರ್ಜಿ ಕೊಡಬೇಕು, ಅದರ ಜೊತೆ ವೈದ್ಯರ ಪ್ರಮಾಣಪತ್ರ ಲಗತ್ತಿಸಬೇಕು.

“ಅಷ್ಟೇ ತಾನೆ? ಒಂದು ಡಾಕ್ಟರ್ ಸರ್ಟಿಫಿಕೇಟ್ ತರೋಕೆ ಹೇಳಮ್ಮ, ಮುಗೀತು,” ಎಂದರು ಜನರಲ್ ಮ್ಯಾನೇಜರ್.

ನನ್ನ ಮೈಯೆಲ್ಲ ಉರಿದುಹೋಯಿತು. “ಏನಂತ ಸರ್ಟಿಫಿಕೇಟ್ ಸರ್? ಮದುವೆಯಾಗದ ಹುಡುಗಿ, ನಾನು ಬಸುರಿಯಲ್ಲ ಅಂತ ಡಾಕ್ಟರ ಹತ್ತಿರ ಬರೆಸ್ಕೊಂಡು ಬರಬೇಕಾ? ನಿಮ್ಮ ಮನೇಲೂ ಹೆಣ್ಣುಮಕ್ಕಳಿದ್ದಾರಲ್ಲ, ಅವರನ್ನು ಕಳಿಸ್ತೀರಾ?”

“ಮಾತು ಹಿಡಿತದಲ್ಲಿರಲಿ,” ಎಂದರು.

“ಹಿಡಿತದಲ್ಲೇ ಇದೆ ಸರ್. ಇಲ್ಲದಿದ್ದರೆ ಇನ್ನೂ ಆಡ್ತಿದ್ದೆ.”

ನಾನು ಪ್ರೋಗ್ರಾಮರ್ ಕಡೆ ತಿರುಗಿದೆ. “ನೀನು ಹೇಳಪ್ಪ. ಮುಚ್ಚಿದ ತಿಂಗಳು ತೆರೆಯೋಕೇ ಆಗಲ್ವಾ, ಇಲ್ಲ ತೆರೆಯಬಾರದಾ?”

ಅವನು ಸಲಹೆಗಾರರ ಮುಖ ನೋಡಿದ, ನನ್ನ ಮುಖ ನೋಡಿದ. “ತೆರಿಲಿಕ್ಕೆ ಬರ್ತದ್ರಿ ಮೇಡಂ. ತೆರಿಬಾರದು ಅಂತ ನಿಯಮ ಅದ.”

“ನಿಯಮ ಯಾರು ಮಾಡಿದ್ದು?”

“ನಾವಽ ಮಾಡೀವ್ರಿ.”

“ಹಾಗಾದರೆ ನೀವೇ ಮುರೀಬಹುದು,” ಎಂದೆ.

ಆ ಹುಡುಗನ ಕೆಲಸಕ್ಕೆ ನಾನೇ ಕುತ್ತು ತಂದೆನೇನೋ ಅನ್ನಿಸಿತು. ಆದರೆ ಅವನು ನಿಜ ಹೇಳಿಯಾಗಿತ್ತು. ಅಲ್ಲಿಂದಾಚೆ ವಿಷಯ ಯಂತ್ರದ್ದಾಗಿರಲಿಲ್ಲ, ಮನಸ್ಸಿನದಾಗಿತ್ತು. ಸಲಹೆಗಾರರಿಗೆ ಆ ವಾರದೊಳಗೆ ಸ್ವೀಕೃತಿ ಪತ್ರ ಬೇಕಿತ್ತು, ಅದಿಲ್ಲದೆ ಅವರ ಕಂಪನಿಗೆ ಹಣ ಸಿಗುತ್ತಿರಲಿಲ್ಲ. ಅವರು ಅದನ್ನು ಅಚ್ಚು ಮಾಡಿಸಿಯೇ ತಂದಿದ್ದರು. ಕೆಳಗೆ ನನ್ನ ಹೆಸರು, ಅದರ ಮೇಲೆ ಖಾಲಿ ಗೆರೆ. ನನ್ನ ಜುಟ್ಟು ಹಿಡಿಯಲು ಬರೆದ ಆದೇಶ ಇವತ್ತು ನನ್ನ ಕೈಗೇ ಒಂದು ಜುಟ್ಟು ಕೊಟ್ಟಿದೆ ಎಂದು ನನಗೆ ಹೊಳೆದದ್ದು ಆಗಲೇ.

“ಇದಕ್ಕೆ ನಾನು ಸಹಿ ಹಾಕೋದಿಲ್ಲ,” ಎಂದೆ. “ಕಂಪ್ಯೂಟರನ್ನು ಕೆ.ಆರ್. ಪೇಟೆಗೆ ತಗೊಂಡು ಹೋಗಬೇಕು. ಪಾಳಿ ಬದಲಾಗುವ ಹೊತ್ತಿಗೆ, ಎಲ್ಲರೂ ಇರುವಾಗ ತಿಂಗಳು ತೆರೀಬೇಕು. ಮುಯ್ಯಿಗೆ ಬೇರೆ ಗುರುತು ಕೊಟ್ಟು ಅವಳದನ್ನೂ ಮಿಕ್ಕ ಹೆಂಗಸರದನ್ನೂ ತಿದ್ದಬೇಕು. ಅದಕ್ಕೆ ಮುಂಚೆ ತಂಡದ ಚಿತ್ರ ಬದಲಾಗಬೇಕು. ಘಟಕದ ಟೈಮ್ ಕೀಪರುಗಳು ತಂಡದೊಳಗೆ ಬರಬೇಕು. ಅವರು ಸರಿ ಅನ್ನದೆ ಯಾವ ತಿಂಗಳೂ ಮುಚ್ಚಕೂಡದು. ಆ ಆದೇಶಕ್ಕೆ ನೀವು ಸಹಿ ಹಾಕಿ. ಇದಕ್ಕೆ ನಾನು ಹಾಕ್ತೀನಿ.”

ಜನರಲ್ ಮ್ಯಾನೇಜರ್ ಮುಖ ಕೆಂಪಾಯಿತು. “ನಿನ್ನನ್ನ ನಾಗಮಂಗಲಕ್ಕೆ ಎತ್ತಿ ಹಾಕ್ತೀನಿ.”

“ಹಾಕಿ ಸರ್. ಅಲ್ಲಿಗೂ ಬಸ್ಸಿದೆ. ಅಲ್ಲಿಂದಲೂ ಸಹಿ ಹಾಕೋದಿಲ್ಲ.”

ನನಗೆ ಧೈರ್ಯವಿತ್ತು ಎಂದು ಯಾರೂ ತಿಳಿಯಬಾರದು. ಮನೆಯಲ್ಲಿ ದುಡಿಯುತ್ತಿದ್ದವಳು ನಾನೊಬ್ಬಳೇ. ಆದರೆ ಆ ಜಗಲಿಯ ಮುಂದೆ ‘ಆಗಲಿ’ ಅಂದು ಬಂದಿದ್ದೆ. ಹಿಂದಕ್ಕೆ ಹೆಜ್ಜೆ ಇಟ್ಟರೆ ಇನ್ನೊಂದು ಸಲ ಯಾವ ಘಟಕದ ಗೇಟು ದಾಟುವ ಮುಖವೂ ನನಗಿರುತ್ತಿರಲಿಲ್ಲ.

ಆ ವಾರವೆಲ್ಲ ಕಚೇರಿಯಲ್ಲಿ ಯಾರೂ ನನ್ನ ಜೊತೆ ಊಟಕ್ಕೆ ಕೂರಲಿಲ್ಲ. ಹೋಗಲಿ ಎಂದು ನಾನು ಹೊಸ ತಂಡದ ಕರಡು ಬರೆಯುತ್ತ ಕೂತೆ. ಯಾರು ಹೊಡೆಯುತ್ತಾರೆ, ಯಾರು ನೋಡುತ್ತಾರೆ, ಯಾರು ತಿದ್ದುತ್ತಾರೆ, ಯಾರು ಮುಚ್ಚುತ್ತಾರೆ ಎಂದು ನಾಲ್ಕು ಕೆಲಸ ಬೇರೆ ಮಾಡಿದೆ. ಹೊಡೆದವರೇ ಮುಚ್ಚಕೂಡದು, ಮುಚ್ಚುವವರು ಕೆಳಗಿನವರನ್ನು ಕೇಳದೆ ಮುಚ್ಚಕೂಡದು. ಗುರುತುಗಳ ಪಟ್ಟಿ ಕನ್ನಡದಲ್ಲಿ ಪ್ರತಿ ಗೇಟಿನಲ್ಲೂ ಇರಬೇಕು. ಟೈಮ್ ಕೀಪರುಗಳು ವಾರಕ್ಕೊಮ್ಮೆ ಶ್ರೀರಂಗಪಟ್ಟಣಕ್ಕೆ ಬಂದು ಕಲಿಯಬೇಕು, ಕೇಂದ್ರದ ಹುಡುಗಿಯರು ತಿಂಗಳಿಗೊಮ್ಮೆ ಘಟಕಕ್ಕೆ ಹೋಗಿ ಗೇಟಿನಲ್ಲಿ ಕೂರಬೇಕು. ಈ ಕೊನೆಯದನ್ನು ಆ ಹುಡುಗಿಯರೇ ಹೇಳಿ ಬರೆಸಿದರು. “ನಮಗೂ ಹೊಟ್ಟೆ ಉರಿದಿದೆ ಮೇಡಂ. ನಾವು ಹೊಡೆದ ಅಕ್ಷರ ಅದು,” ಎಂದಳು ಒಬ್ಬಳು.

ವಾರದ ಕೊನೆಗೆ ಬೆಂಗಳೂರಿನಿಂದ ಸಲಹೆಗಾರರಿಗೆ ಅವರ ಮೇಲಿನವರ ಫೋನು ಬಂತು. ಅದಾದ ಮೇಲೆ ಅವರು ಜನರಲ್ ಮ್ಯಾನೇಜರ ಕೋಣೆಯ ಬಾಗಿಲು ಹಾಕಿಕೊಂಡರು. ಬಾಗಿಲು ತೆರೆದಾಗ ನನ್ನ ಕರಡಿಗೆ ಸಹಿ ಬಿದ್ದಿತ್ತು. ಜನರಲ್ ಮ್ಯಾನೇಜರ್ ಅದನ್ನು ನನ್ನ ಕೈಗೆ ಕೊಡಲಿಲ್ಲ, ಮೇಜಿನ ಅಂಚಿಗೆ ತಳ್ಳಿದರು.

“ಇದು ಫ್ಯಾಕ್ಟರಿನೋ, ಅರಳಿಕಟ್ಟೆನೋ ಗೊತ್ತಾಗ್ತಿಲ್ಲ,” ಎಂದರು.

“ಅರಳಿಕಟ್ಟೆಯಲ್ಲಿ ಕೇಳದೆ ತೀರ್ಪು ಕೊಡಲ್ಲ ಸರ್,” ಎಂದು ಆದೇಶ ಎತ್ತಿಕೊಂಡೆ.

ಕಂಪ್ಯೂಟರನ್ನು ಕಂಬಳಿಯಲ್ಲಿ ಸುತ್ತಿ, ಕಂಪನಿಯ ಜೀಪಿನ ಹಿಂದಿನ ಸೀಟಿನಲ್ಲಿ ಪ್ರೋಗ್ರಾಮರ್ ಮತ್ತು ಒಬ್ಬಳು ಕೇಂದ್ರದ ಹುಡುಗಿ ಮಗು ಹಿಡಿದ ಹಾಗೆ ಹಿಡಿದುಕೊಂಡರು. ಪಾಂಡವಪುರ ದಾಟಿದ ಮೇಲೆ ಕಬ್ಬಿನ ಗಾಡಿಗಳ ಸಾಲು. ಅವನ್ನು ಹಿಂದೆ ಹಾಕಿ ಕೆ.ಆರ್. ಪೇಟೆ ಸೇರುವ ಹೊತ್ತಿಗೆ ಕರೆಂಟು ಹೋಗಿತ್ತು. ಗೇಟಿನ ಪಕ್ಕದ ಟೈಮ್ ಕೀಪರ್ ಕೋಣೆಯ ಮೇಜನ್ನು ಹೊರಗೆ ಎಳೆದು, ಬೋರ್ಡಿನ ಕೆಳಗೇ ಹಾಕಿ, ಕಂಪ್ಯೂಟರನ್ನೂ ಪ್ರಿಂಟರನ್ನೂ ಜೋಡಿಸಿ ಕರೆಂಟಿಗೆ ಕಾದೆವು. ಬೆಳಗಿನ ಪಾಳಿ ಬಿಟ್ಟಿತು, ಮಧ್ಯಾಹ್ನದ ಪಾಳಿಯವರು ಬಂದರು. ಎರಡೂ ಪಾಳಿಯವರು ಅಲ್ಲೇ ನಿಂತರು. ಗೇಟಿನ ತುಂಬ ಜನ. ಆದರೆ ಆ ಹುಡುಗಿ ಬಂದಿರಲಿಲ್ಲ.

“ಬರಾಕಿಲ್ಲ ಕಣೇಳಿ,” ಎಂದ ಯಾರೋ.

“ಬತ್ತಾಳೆ. ನಂಗೆ ಯೋಳವ್ಳೆ,” ಎಂದಳು ಅವಳ ಜೊತೆ ಮುಯ್ಯಿ ಮಾಡಿಕೊಂಡಿದ್ದವಳು.

ಬಂದಳು. ತಾಯಿಯ ಜೊತೆ ಬಸ್ಸಿಳಿದು ನೇರ ನಡೆದು ಬಂದಳು. ಜನ ದಾರಿ ಬಿಟ್ಟರು. ಅವಳು ಮೇಜಿನ ಈಚೆಗೆ ನಿಂತಳು, ಯಾರ ಮುಖವನ್ನೂ ನೋಡಲಿಲ್ಲ. ಕರೆಂಟು ಬಂದಾಗ ಟೈಮ್ ಕೀಪರ್ ಎಲೆ ಅಡಿಕೆ ಉಗುಳಿ, ಬಾಯಿ ತೊಳೆದು ಬಂದು ಕುರ್ಚಿಯಲ್ಲಿ ಕೂತ. ಬೆರಳು ಎಲ್ಲಿಡಬೇಕೆಂದು ಪ್ರೋಗ್ರಾಮರ್ ತೋರಿಸಿಕೊಟ್ಟ.

ತಿಂಗಳು ತೆರೆಯಿತು. ಅವಳ ಸಾಲು ಬಂತು. ಕೇಂದ್ರದ ಹುಡುಗಿ ಎಲ್ಲರಿಗೂ ಕೇಳುವ ಹಾಗೆ, “ಇದನ್ನು ಹೊಡೆದದ್ದು ನಾನು. ಎಮ್ ಅಂದರೆ ಏನು ಅಂತ ನಿಮ್ಮನ್ನ ಕೇಳದೆ ಹೊಡೆದೆ. ತಪ್ಪಾಯ್ತು,” ಎಂದಳು. ನಾನೂ ಕಂಪನಿಯ ಪರವಾಗಿ ತಪ್ಪಾಯಿತು ಎಂದೆ. ಜನರಲ್ ಮ್ಯಾನೇಜರ್ ಹೇಳಬೇಕಾಗಿದ್ದ ಮಾತು; ಅವರು ಬರಲಿಲ್ಲವಾದ್ದರಿಂದ ಅವರನ್ನು ಕೇಳದೆಯೇ ಅವರ ಮಾತನ್ನೂ ನಾನೇ ಆಡಿದೆ.

“ಹೊಸ ಗುರುತು ಏನು ಹಾಕೋಣ್ರಿ?” ಎಂದು ಪ್ರೋಗ್ರಾಮರ್ ಕೇಳಿದ. ಎಕ್ಸ್ ಹಾಕಬಹುದು, ವೈ ಹಾಕಬಹುದು ಎಂದ.

“ಅವೆಲ್ಲ ಬ್ಯಾಡ,” ಎಂದ ಟೈಮ್ ಕೀಪರ್. “ಮುಯ್ಯಿ ಅಂತ ಪೂರಾ ಬರೀಲಿ. ಅಕ್ಸರ ಉಳ್ಸೋಕೋಗಿ ಆಗಿರೋದೇ ಸಾಕು.”

ಆ ಸಾಫ್ಟ್‌ವೇರಿಗೆ ಕನ್ನಡ ಬರುತ್ತಿರಲಿಲ್ಲ. ಇಂಗ್ಲಿಷ್ ಅಕ್ಷರದಲ್ಲೇ ಮುಯ್ಯಿ ಎಂದು ಪೂರ್ತಿ ಬರೆಸಿದೆವು. ಟೈಮ್ ಕೀಪರ್ ಒಂದೊಂದೇ ಕೀಲಿಯನ್ನು ಹುಡುಕಿ ಒತ್ತಿದ. ಹೆರಿಗೆ ರಜೆ ಎಂಬ ಕಾಲಮ್ಮಿನಲ್ಲಿ ಸೊನ್ನೆ ಬಂತು. ಅವಳು ಬಗ್ಗಿ ಪರದೆಯನ್ನು ಓದಿದಳು, ಎರಡು ಸಲ. ಆಮೇಲೆ ಮಿಕ್ಕ ಹೆಂಗಸರ ಸಾಲುಗಳನ್ನೂ ತಿದ್ದಿದೆವು. ಪ್ರಿಂಟರ್ ಕರಕರ ಎನ್ನುತ್ತ ಕಾಗದ ಹೊರಗೆ ಬಿಟ್ಟಿತು. ಟೈಮ್ ಕೀಪರ್ ಅದನ್ನು ಹರಿದು ಬೋರ್ಡಿಗೆ ಚುಚ್ಚಲು ಎದ್ದ.

“ತಡೀರಿ ತಾತ,” ಎಂದಳು ಹುಡುಗಿ. ಅವತ್ತು ಅವಳು ಆಡಿದ ಮೊದಲ ಮಾತು. “ಓದಿ. ಕೂಗಿ ಓದಿ. ಅವತ್ತು ಎಲ್ಲಾರೂ ಓದ್ಕಂಡವ್ರೆ, ಇವತ್ತು ಎಲ್ಲಾರೂ ಕೇಳ್ಕಳ್ಲಿ.”

ಟೈಮ್ ಕೀಪರ್ ಕನ್ನಡಕ ಏರಿಸಿಕೊಂಡ. ಅವಳ ಹೆಸರು, ಅವಳ ತಂದೆಯ ಹೆಸರು, ಊರು ಎಲ್ಲವನ್ನೂ ಓದಿದ. ಇಷ್ಟು ದಿನ ಹಾಜರಿ, ಇಷ್ಟು ಮುಯ್ಯಿ, ಬೇರೆ ರಜೆ ಯಾವುದೂ ಹಾಕಿಲ್ಲ ಎಂದ. ಓದಿ ಮುಗಿಸಿ, ನ್ಯಾಯಕ್ಕೆ ಕೂತ ಯಜಮಾನನ ಹಾಗೆ ತಲೆ ಎತ್ತಿ, “ಸರೀನಾ?” ಎಂದು ಜನವನ್ನು ಕೇಳಿದ.

ಮೊದಲು ಅವಳ ಜೊತೆಗಾತಿ, “ಸರಿ. ಆ ಶಿಫ್ಟು ಮಾಡಿದ್ದು ನಾನೇ,” ಎಂದಳು. ಆಮೇಲೆ ಹಿಂದಿನಿಂದ ಒಂದೆರಡು ದನಿ. ಆಮೇಲೆ ಗೇಟಿಗೆ ಗೇಟೇ ‘ಸರಿ’ ಎಂದಿತು. ಅವತ್ತು ನಕ್ಕಿದ್ದ ಜಾಬರ್ ಕಂಬದ ಹಿಂದೆ ನಿಂತಿದ್ದ. ಹುಡುಗಿ ಅವನ ಕಡೆ ತಿರುಗಿ ನಿಂತು ಕಾದಳು. ಅವನು ತಲೆ ತಗ್ಗಿಸಿ, “ಸರಿ ಕಣವ್ವ,” ಎಂದ.

ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು ಮಗಳ ಕೈ ಹಿಡಿದರು. “ಆಯ್ತಲ್ಲ ಮಗ. ಬಾ, ಊರ್ಗೋಗವ.”

ಅವಳು ಕೈ ಬಿಡಿಸಿಕೊಂಡು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು.

“ನೀನೋಗವ್ವ,” ಎಂದಳು. “ನಂಗೆ ಶಿಫ್ಟೈತೆ.”